ವಿಜಾರ್ಡ್, ಸಾರ್ಸರರ್, ವಾರ್ಲಾಕ್: ದಿನಕ್ಕೆ ಎರಡೇ ಕಾಳಗ ಇರೋ ಆಟಕ್ಕೆ ಯಾವುದು?

ಬೆಳ್ಳಿಗೂಬೆ:
ಡಂಜನ್ಸ್ ಅಂಡ್ ಡ್ರಾಗನ್ಸ್ (ದಾಳ ಎಸೆದು ಪಾತ್ರವಾಗಿ ಆಡೋ ಕಥೆಯಾಟ) ಐದನೇ ಆವೃತ್ತಿ, 2014ರ ನಿಯಮ. ನಮ್ಮ ತಂಡದಲ್ಲಿ, ಅಂದ್ರೆ ಪಾರ್ಟಿಯಲ್ಲಿ, ಯೋಧ ಫೈಟರ್, ಕಳ್ಳ ರೋಗ್, ಗಾಯ ವಾಸಿ ಮಾಡೋ ಲೈಫ್ ಡೊಮೇನ್ ಕ್ಲೆರಿಕ್ ಆಗಲೇ ಇದ್ದಾರೆ. ನಾಲ್ಕನೇ ಜಾಗ ಖಾಲಿ. 1ರಿಂದ 10ನೇ ಲೆವೆಲ್‌ವರೆಗೆ ಆಟ, ವಾರಕ್ಕೆ ಮೂರು ಗಂಟೆ, ಆನ್‌ಲೈನ್. ಸಮಯ ಕಮ್ಮಿ ಇರೋದ್ರಿಂದ ಕಥೆಯೊಳಗಿನ ಒಂದು ದಿನಕ್ಕೆ ಎರಡು ಕಾಳಗ, ಹೆಚ್ಚೆಂದರೆ ಮೂರು.

ವಿಜಾರ್ಡ್, ಸಾರ್ಸರರ್, ವಾರ್ಲಾಕ್ ಅನ್ನೋ ಮೂರು ಮಂತ್ರವಾದಿ ಪಾತ್ರಗಳಲ್ಲಿ ಒಂದನ್ನ ಆರಿಸಬೇಕು. ನಿಯಮದ ಪುಸ್ತಕ ಓದಿದರೆ ಮೂವರೂ ಫೈರ್‌ಬಾಲ್ (ಬೆಂಕಿಯುಂಡೆ ಮಂತ್ರ) ಹಾಕ್ತಾರೆ, ಮೂವರೂ ಹಿಂದೆ ನಿಂತ್ಕೋತಾರೆ. ಆಡುವಾಗ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ? "ಯಾವುದು ಇಷ್ಟವೋ ಅದನ್ನೇ ಆಡಿ" ಅನ್ನೋ ಉತ್ತರ ಬೇಡ, ದಯವಿಟ್ಟು ಲೆಕ್ಕ ಹೇಳಿ.

ತುಂಟದೆವ್ವ:
ವಿಜಾರ್ಡ್. ಮುಂದಿನ ಪ್ರಶ್ನೆ ಕೇಳಿ.

ಹಳೇದಾಳ:
ಲೆಕ್ಕಕ್ಕೆ 5ನೇ ಲೆವೆಲ್ ಹಿಡಿಯೋಣ. 3ನೇ ಮಟ್ಟದ ಸ್ಪೆಲ್‌ಗಳು (ಮಂತ್ರಗಳು) ಕೈಗೆ ಬರುವುದು ಅಲ್ಲಿ, ಆಟದ ಹದ ಬದಲಾಗುವುದೂ ಅಲ್ಲೇ.

ಸ್ಲಾಟ್ ಅಂದರೆ ಒಂದು ಸ್ಪೆಲ್ ಹಾಕಲು ಖರ್ಚಾಗುವ ಅವಕಾಶ. ವಿಜಾರ್ಡ್‌ಗೆ ಸ್ಲಾಟ್ 4/3/2: ಮೊದಲ ಮಟ್ಟದ್ದು ನಾಲ್ಕು, ಎರಡನೆಯದು ಮೂರು, ಮೂರನೆಯದು ಎರಡು. ಜೊತೆಗೆ ಆರ್ಕೇನ್ ರಿಕವರಿ: ದಿನಕ್ಕೊಮ್ಮೆ, ಒಂದು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಮುಗಿದಾಗ, ಲೆವೆಲ್‌ನ ಅರ್ಧದಷ್ಟು ಮಟ್ಟದ ಸ್ಲಾಟ್ ವಾಪಸ್ ಬರುತ್ತದೆ. ಅರ್ಧ ಸಂಖ್ಯೆ ಬಂದರೆ ಮೇಲಕ್ಕೆ ಏರಿಸಬೇಕು, ಹಾಗಾಗಿ 5ನೇ ಲೆವೆಲ್‌ಗೆ 3. ಅಂದರೆ ಇನ್ನೊಂದು ಫೈರ್‌ಬಾಲ್. ಒಟ್ಟು ಮೂರು.

ಸಾರ್ಸರರ್‌ಗೂ ಅದೇ 4/3/2. ಮೇಲೆ 5 ಸಾರ್ಸರಿ ಪಾಯಿಂಟ್. 3ನೇ ಮಟ್ಟದ ಸ್ಲಾಟ್ ಕಟ್ಟಿಕೊಳ್ಳಲು 5 ಪಾಯಿಂಟ್ ಬೇಕು. ಇಲ್ಲೂ ಮೂರು ಫೈರ್‌ಬಾಲ್, ಆದರೆ ಆಮೇಲೆ ಮೆಟಾಮ್ಯಾಜಿಕ್‌ಗೆ (ಸ್ಪೆಲ್ ಅನ್ನು ಬೇಕಾದಂತೆ ಬದಲಿಸುವ ವಿದ್ಯೆ) ಒಂದು ಪಾಯಿಂಟೂ ಉಳಿಯುವುದಿಲ್ಲ.

ವಾರ್ಲಾಕ್‌ಗೆ ಎರಡೇ ಸ್ಲಾಟ್, ಎರಡೂ 3ನೇ ಮಟ್ಟದ್ದು, ಪ್ರತಿ ಶಾರ್ಟ್ ರೆಸ್ಟ್‌ಗೆ ತುಂಬುತ್ತವೆ. ದಿನಕ್ಕೆ ಎರಡು ಶಾರ್ಟ್ ರೆಸ್ಟ್ ಸಿಕ್ಕರೆ ಆರು ಫೈರ್‌ಬಾಲ್. ಒಂದೂ ಸಿಗದಿದ್ದರೆ ಇಡೀ ದಿನಕ್ಕೆ ಎರಡು.

2014ರ ಡಿಎಂ (ಆಟ ನಡೆಸುವವರ) ಪುಸ್ತಕ ದಿನಕ್ಕೆ ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ ಅಂತ ಇಟ್ಟುಕೊಂಡು ಎಲ್ಲವನ್ನೂ ತೂಗಿದೆ. ನಿಮ್ಮದು ಎರಡು ಕಾಳಗದ ದಿನ. ಒಂದೊಂದು ನಾಲ್ಕು ಸುತ್ತು ಅಂದರೂ ಎಂಟು ಸುತ್ತು. ವಿಜಾರ್ಡ್ ಹತ್ತಿರ 10 ಸ್ಲಾಟ್ ಇದೆ, ಪ್ರತಿ ಸುತ್ತಿಗೂ ಒಂದು ಸ್ಪೆಲ್ ಹಾಕಿ ಇನ್ನೂ ಮಿಗುತ್ತದೆ. ವಾರ್ಲಾಕ್ ನಡುವೆ ಒಂದು ಶಾರ್ಟ್ ರೆಸ್ಟ್ ಸಿಕ್ಕರೂ ನಾಲ್ಕು ಸ್ಪೆಲ್‌ಗೆ ನಿಲ್ಲುತ್ತಾನೆ. ನಿಮ್ಮ ಮೇಜಿಗೆ ವಾರ್ಲಾಕ್ ಬೇಡ.

ಕಡಲತಡಿ:
ಸ್ಲಾಟ್ ಮಾತ್ರ ಎಣಿಸಿದ್ರೆ ವಾರ್ಲಾಕ್ ಬಡವನ ಹಾಗೇ ಕಾಣ್ತಾನೆ ಮಾರಾಯ್ರೆ. ಉಳಿದ ನಾಲ್ಕು ಸುತ್ತಿನಲ್ಲಿ ಅವನು ಎಂತ ಮಾಡ್ತಾನೆ ಅಂತಲೂ ನೋಡಬೇಕಲ್ಲ?

5ನೇ ಲೆವೆಲ್, ಕರಿಸ್ಮಾ (ಮಾತಿನ ಮೋಡಿಯ ಅಂಕ) 18, ಪೆಟ್ಟು ಹೆಚ್ಚಿಸುವ ಅಗನೈಸಿಂಗ್ ಬ್ಲಾಸ್ಟ್ ತೆಗೊಂಡದ್ದು ಉಂಟು ಅಂತ ಇಟ್ಕೊಳ್ಳಿ. ಎಲ್ಡ್ರಿಚ್ ಬ್ಲಾಸ್ಟ್ ಎರಡು ಕಿರಣ, ಒಂದೊಂದಕ್ಕೆ 1ಡಿ10+4 (ಹತ್ತು ಮುಖದ ಒಂದು ದಾಳ, ಮೇಲೆ 4). ಎರಡೂ ತಾಗಿದ್ರೆ ಸರಾಸರಿ 19. ಎಸಿ (ತಾಗಿಸಲಿಕ್ಕೆ ಮುಟ್ಟಬೇಕಾದ ಅಂಕ) 15ರ ಶತ್ರುವಿಗೆ ಇಪ್ಪತ್ತು ಮುಖದ ದಾಳವನ್ನು +7ರಲ್ಲಿ ಎಸೆದ್ರೆ 8 ಬಿದ್ರೆ ಸಾಕು, ನೂರಕ್ಕೆ 65. ಅಂದ್ರೆ ಸುತ್ತಿಗೆ ಸುಮಾರು 12. ವಿಜಾರ್ಡಿನ ಫೈರ್ ಬೋಲ್ಟ್ 2ಡಿ10, ಅದೇ ಲೆಕ್ಕದಲ್ಲಿ ಸುಮಾರು 7. ಮೇಲೆ ರಿಪೆಲ್ಲಿಂಗ್ ಬ್ಲಾಸ್ಟ್ ಇದ್ರೆ ತಾಗಿದ ಪ್ರತಿ ಕಿರಣಕ್ಕೆ 10 ಅಡಿ ಹಿಂದೆ ತಳ್ಳಬಹುದು, ಸೇವ್ (ತಪ್ಪಿಸಿಕೊಳ್ಳಲಿಕ್ಕೆ ಎಸೆಯುವ ದಾಳ) ಕೂಡ ಇಲ್ಲ. ಬಂಡೆ ಅಂಚಲ್ಲಿ ನಿಂತ ರಾಕ್ಷಸನಿಗೆ ಅಷ್ಟು ಸಾಕು. ಇಷ್ಟಕ್ಕೂ ಸ್ಲಾಟ್ ಖರ್ಚು ಸೊನ್ನೆ.

ನಿಯಮಪಾಲಕಿ:
ಕಡಲತಡಿಯವರ ಲೆಕ್ಕ ಸರಿ. ಮೂಲ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ: ಎಲ್ಲ ವಾರ್ಲಾಕ್‌ಗೂ ಫೈರ್‌ಬಾಲ್ ಇಲ್ಲ. 2014ರ ಮೂಲ ಪುಸ್ತಕದ ಮೂರು ಪೇಟ್ರನ್‌ಗಳಲ್ಲಿ (ವಾರ್ಲಾಕ್‌ಗೆ ಶಕ್ತಿ ಕೊಡುವ ಒಡೆಯರು) ಫೀಂಡ್ ಆರಿಸಿದವರ ಪಟ್ಟಿಗೆ ಮಾತ್ರ ಅದು ಸೇರುತ್ತದೆ. ಆರ್ಚ್‌ಫೇ, ಗ್ರೇಟ್ ಓಲ್ಡ್ ಒನ್ ಎರಡಕ್ಕೂ ಇಲ್ಲ.

ಇನ್ನೊಂದು, ಅಗನೈಸಿಂಗ್, ರಿಪೆಲ್ಲಿಂಗ್ ಬ್ಲಾಸ್ಟ್ ಥರದ ಇನ್ವೊಕೇಶನ್ ಸಿಗುವುದು 2ನೇ ಲೆವೆಲ್‌ಗೆ. ಮೊದಲ ಲೆವೆಲ್‌ನ ವಾರ್ಲಾಕ್ ಕೈಯಲ್ಲಿ ಒಂದೇ ಸ್ಲಾಟ್, ಬರೀ 1ಡಿ10ರ ಬ್ಲಾಸ್ಟ್. ಆ ಲೆವೆಲ್ ಬೇಗ ದಾಟಿಸಿ ಅಂತ ಡಿಎಂಗೆ ಹೇಳುವುದು ಒಳ್ಳೆಯದು.

ಗಂಡುಮೆಟ್ಟು:
ಸಾರ್ಸರರ್ ಅಂದ್ರ ಎಲ್ಲಾರೂ ಮೂಗು ಮುರೀತೀರಿ. ಕಾನ್ಸಂಟ್ರೇಶನ್ (ಹಾಕಿದ ಸ್ಪೆಲ್ ಉಳಿಸಾಕ ಗಮನ ಹಿಡಿಯೂದು) ಲೆಕ್ಕ ಇನ್ನೂ ಯಾರೂ ಹೇಳಲೇ ಇಲ್ಲ ನೋಡ್ರಿ.

ಹೊಡತ ಬಿದ್ದಾಗ ಕಾನ್‌ಸ್ಟಿಟ್ಯೂಶನ್ (ಕಾನ್, ಮೈಗಟ್ಟಿತನ) ಸೇವ್ ಹಾಕಬೇಕು. ಡಿಸಿ (ದಾಳ ಮುಟ್ಟಬೇಕಾದ ಅಂಕ) 10, ಇಲ್ಲಾ ಬಿದ್ದ ಹೊಡತದ ಅರ್ಧ, ಯಾವುದು ಹೆಚ್ಚೋ ಅದು. ಇಬ್ಬರಿಗೂ ಕಾನ್ 14 ಅನ್ಕೋರಿ, +2. ವಿಜಾರ್ಡ್‌ಗೆ 8 ಬೀಳಬೇಕು, ನೂರಕ್ಕ 65. ಸಾರ್ಸರರ್‌ಗೆ ಆ ಸೇವ್‌ನ್ಯಾಗ ಪ್ರೊಫಿಶಿಯನ್ಸಿ (ಪಳಗಿದ್ದಕ್ಕ ಹೆಚ್ಚಿನ ಅಂಕ) ಮೊದಲ ಲೆವೆಲ್‌ನಿಂದನ ಐತಿ, 5ನೇ ಲೆವೆಲ್‌ಗೆ +5. 5 ಬಿದ್ರ ಸಾಕು, ನೂರಕ್ಕ 80. ಒಂದ ಸುತ್ತಿನ್ಯಾಗ ಮೂರು ಹೊಡತ ಬಿತ್ತಂದ್ರ ವಿಜಾರ್ಡ್‌ನ ಸ್ಪೆಲ್ ಉಳಿಯೂ ಸಾಧ್ಯತೆ ನೂರಕ್ಕ 27, ಸಾರ್ಸರರ್‌ದು 51. ಮರುಳು ಮಾಡೋ ಹಿಪ್ನಾಟಿಕ್ ಪ್ಯಾಟರ್ನ್‌ನ್ಯಾಗ ಐದು ಮಂದಿ ಶತ್ರು ನಿಂತಾಗ ಅದು ಮುರದ್ರ ಕಾಳಗ ಕೈ ಬಿಟ್ಟು ಹೋಗ್ತದ.

ವಿಜಾರ್ಡ್ 4ನೇ ಲೆವೆಲ್‌ಗೆ ಇಂಟೆಲಿಜೆನ್ಸ್ ಏರಿಸೂ ಬದಲಿ ವಾರ್ ಕ್ಯಾಸ್ಟರ್ ಫೀಟ್ (ವಿಶೇಷ ಕೌಶಲ) ತಗೊಂಡ್ರ ಎರಡು ದಾಳ ಎಸೆದು ದೊಡ್ಡದು ಹಿಡಿಬಹುದು, ನೂರಕ್ಕ 88 ಬರ್ತದ, ಖರೆ. ಆದ್ರ ಆಗ ಇಂಟೆಲಿಜೆನ್ಸ್ 16ರಾಗ ಕುಂದರ್ತದ, ಸೇವ್ ಡಿಸಿ 15ರ ಬದಲಿ 14. ಸಾರ್ಸರರ್ ಆ ಫೀಟ್ ಇಲ್ಲದನ ಕರಿಸ್ಮಾ 18 ಮಾಡ್ಕೊಂಡಿರ್ತಾನ.

ಗಂಡುಮೆಟ್ಟು:
ಇನ್ನೊಂದ ಮಾತು. ಹಳೇದಾಳ ಅವರು ವಿಜಾರ್ಡ್‌ಗೆ ಮೂರು ಫೈರ್‌ಬಾಲ್ ಅಂದ್ರು. ಆರ್ಕೇನ್ ರಿಕವರಿಗೂ ಶಾರ್ಟ್ ರೆಸ್ಟ್ ಬೇಕಲ್ಲ? ಎರಡು ಕಾಳಗದ ನಡುವ ಒಂದು ತಾಸು ಕೂಡಾಕ ಜಾಗಾ ಸಿಗಲಿಲ್ಲಂದ್ರ ಅವಗೂ ಎರಡನ. ಸಾರ್ಸರರ್ ಕಾಳಗದ ನಡುವನ ಬೋನಸ್ ಆಕ್ಷನ್‌ನ್ಯಾಗ (ಸರದಿಯ ಹೆಚ್ಚಿನ ಸಣ್ಣ ಕೆಲಸ) ಪಾಯಿಂಟ್ ಮುರಿದು ಸ್ಲಾಟ್ ಮಾಡ್ಕೋತಾನ. ರೆಸ್ಟ್ ಸಿಗಲಿ ಬಿಡಲಿ, ಮೂರು ಅಂದ್ರ ಮೂರು.

ಹಳೇದಾಳ:
@ಗಂಡುಮೆಟ್ಟು ಹೌದು, ಆ ಅಂಶ ಮುಖ್ಯ. ಶಾರ್ಟ್ ರೆಸ್ಟ್ ಇಲ್ಲದ ಎರಡು ಕಾಳಗದ ದಿನದಲ್ಲಿ ಸಾರ್ಸರರ್‌ಗೇ ಮೇಲುಗೈ.

ತುಂಟದೆವ್ವ:
ಕ್ವಿಕನ್ಡ್ (ಸ್ಪೆಲ್ ಅನ್ನ ಬೋನಸ್ ಆಕ್ಷನ್‌ಗೆ ಇಳಿಸೋ ಮೆಟಾಮ್ಯಾಜಿಕ್) ಇದ್ರೆ ಒಂದೇ ಸುತ್ತಲ್ಲಿ ಎರಡು ಫೈರ್‌ಬಾಲ್, ಮುಗೀತು ಕಥೆ.

ನಿಯಮಪಾಲಕಿ:
@ತುಂಟದೆವ್ವ ಆಗುವುದಿಲ್ಲ. 2014ರ ನಿಯಮದಲ್ಲಿ ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದರೆ ಆ ಸರದಿಯಲ್ಲಿ ಇನ್ನೊಂದು ಸ್ಪೆಲ್ ಅಂತ ಹಾಕುವುದಿದ್ದರೆ ಅದು ಒಂದು ಆಕ್ಷನ್ ಹಿಡಿಯುವ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸ್ಪೆಲ್) ಆಗಿರಬೇಕು. 2 ಪಾಯಿಂಟ್ ಕೊಟ್ಟು ಫೈರ್‌ಬಾಲ್ ಬೋನಸ್ ಆಕ್ಷನ್‌ಗೆ ಇಳಿಸಿದರೆ ಆಕ್ಷನ್‌ನಲ್ಲಿ ಫೈರ್ ಬೋಲ್ಟ್ ಎಸೆಯಬಹುದು, ಇಲ್ಲ ಡಾಡ್ಜ್ ಮಾಡಬಹುದು. ಎರಡನೇ ಫೈರ್‌ಬಾಲ್ ಇಲ್ಲ. 2024ರ ಪರಿಷ್ಕರಣೆಯಲ್ಲಿ ನಿಯಮ ಇನ್ನೂ ಸರಳವಾಗಿದೆ: ಒಂದು ಸರದಿಗೆ ಒಂದೇ ಸ್ಪೆಲ್ ಸ್ಲಾಟ್ ಖರ್ಚು ಮಾಡಬಹುದು.

ಕೇರ್‌ಫುಲ್ ಸ್ಪೆಲ್ ಎಂಬ ಮೆಟಾಮ್ಯಾಜಿಕ್ ಬಗ್ಗೆಯೂ ಇಂಥದ್ದೇ ಗೊಂದಲ ಇದೆ. 2014ರಲ್ಲಿ ಅದು ನಿಮ್ಮವರಿಗೆ ಸೇವ್ ಗೆಲ್ಲಿಸುತ್ತದೆ ಅಷ್ಟೆ. ಫೈರ್‌ಬಾಲ್‌ನಲ್ಲಿ ಸೇವ್ ಗೆದ್ದವರಿಗೂ ಅರ್ಧ ಪೆಟ್ಟು ಉಂಟಾಗುತ್ತದೆ, 8ಡಿ6ರ ಅರ್ಧ, ಸರಾಸರಿ 14. ಗೆಳೆಯನ ಮೇಲೆ ಹಾಕಿ "ಕೇರ್‌ಫುಲ್ ಇದೆ" ಅಂದುಕೊಂಡರೆ ರೋಗ್ ನೆಲಕ್ಕೆ ಬೀಳುತ್ತಾನೆ. ಅದು ಸರಿಯಾಗಿ ಕೂರುವುದು ಹಿಪ್ನಾಟಿಕ್ ಪ್ಯಾಟರ್ನ್, ವೆಬ್ (ಜೇಡರ ಬಲೆ) ಥರದವಕ್ಕೆ. ಫೈರ್‌ಬಾಲ್‌ಗೆ ಇವೊಕೇಶನ್ ಶಾಲೆಯ ವಿಜಾರ್ಡ್‌ನ ಸ್ಕಲ್ಪ್ಟ್ ಸ್ಪೆಲ್ಸ್ ಬೇಕು. ಸ್ಪೆಲ್‌ನ ಮಟ್ಟಕ್ಕೆ ಒಂದು ಸೇರಿಸಿದಷ್ಟು ಜನ, ಫೈರ್‌ಬಾಲ್‌ಗೆ ನಾಲ್ವರು, ಪೆಟ್ಟೇ ಇಲ್ಲದೆ ಪಾರಾಗುತ್ತಾರೆ.

ಮಂಜಿನಗವಿ:
ಡಿಎಂ ಕುರ್ಚಿಯಿಂದ ನೋಡಿದರೆ ಸಾರ್ಸರರ್‌ಗಳು ಸೋಲುವುದು ಸ್ಲಾಟ್ ಸಾಲದೆ ಅಲ್ಲ ಕಣ್ರೀ, ಸ್ಪೆಲ್ ಆಯ್ಕೆ ಕೆಟ್ಟು. 2014ರ ಸಾರ್ಸರರ್‌ಗೆ 5ನೇ ಲೆವೆಲ್‌ನಲ್ಲಿ ಗೊತ್ತಿರುವುದು ಆರೇ ಸ್ಪೆಲ್. ವಿಜಾರ್ಡ್‌ನ ಮಂತ್ರದ ಪುಸ್ತಕದಲ್ಲಿ ಅಷ್ಟೊತ್ತಿಗೆ ಕಾಸು ಬಿಚ್ಚದೆಯೇ 14 ಇರುತ್ತವೆ (ಮೊದಲಿಗೆ ಆರು, ಆಮೇಲೆ ಲೆವೆಲ್‌ಗೆ ಎರಡು), ಬೆಳಿಗ್ಗೆ ಅದರಲ್ಲಿ ಒಂಬತ್ತನ್ನ ಸಿದ್ಧ ಮಾಡ್ಕೋತಾನೆ. ಕ್ಲೆರಿಕ್ ಅಂತೂ ತನ್ನ ಇಡೀ ಪಟ್ಟಿಯಿಂದ ಒಂಬತ್ತು, ಜೊತೆಗೆ ಡೊಮೇನ್‌ನ ಆರು, ಒಟ್ಟು 15.

ಆರು ಸ್ಪೆಲ್‌ನಲ್ಲಿ ಮೂರು ಬೆಂಕಿಯವು ತೆಗೆದುಕೊಂಡರೆ ಬೆಂಕಿಗೆ ಜಗ್ಗದ ಶತ್ರು ಬಂದ ದಿನ ಕೈಕಟ್ಟಿ ಕೂರಬೇಕು. ಬದಲಾಯಿಸಬೇಕಂದ್ರೆ ಲೆವೆಲ್ ಏರಿದಾಗ, ಅದೂ ಒಂದೇ ಒಂದನ್ನ. ಹಾಗಾಗಿ ಸಾರ್ಸರರ್ ಆಡುವವರು ಪ್ರತಿ ಸ್ಪೆಲ್‌ಗೂ ಎರಡು ಪ್ರಶ್ನೆ ಹಾಕ್ಕೊಳ್ಳಿ: ಇದು ಯಾವ ಸೇವ್ ಕೇಳುತ್ತೆ? ಇದು ಕಾನ್ಸಂಟ್ರೇಶನ್ ಬೇಡುತ್ತಾ? ಡೆಕ್ಸ್ (ಮೈಚುರುಕು) ಸೇವ್‌ದು ಒಂದು, ವಿಸ್‌ಡಮ್ ಸೇವ್‌ದು ಒಂದು, ಸೇವ್ ಕೇಳದ್ದು ಒಂದು, ರಕ್ಷಣೆಗೆ ಶೀಲ್ಡ್, ಓಡಾಟಕ್ಕೆ ಮಿಸ್ಟಿ ಸ್ಟೆಪ್, ಇಷ್ಟಾದ ಮೇಲೆ ಮಿಕ್ಕ ಒಂದು ನಿಮ್ಮ ಖುಷಿಗೆ.

ಬೆಳ್ಳಿಗೂಬೆ:
ಆರೇ ಸ್ಪೆಲ್ ಅಂದ್ರೆ ತುಂಬಾ ಕಡಿಮೆ ಆಯ್ತಲ್ಲ? ಬೇರೆ ಆವೃತ್ತಿಗಳಲ್ಲೂ ಹೀಗೇನಾ?

ಹಳೇದಾಳ:
ಇದಕ್ಕೊಂದು ಹಿನ್ನೆಲೆ ಇದೆ. ಸಾರ್ಸರರ್ ಬಂದಿದ್ದು 2000ದ ಮೂರನೇ ಆವೃತ್ತಿಯಲ್ಲಿ. ಆಗ ವಿಜಾರ್ಡ್ ಬೆಳಿಗ್ಗೆಯೇ ಪ್ರತಿ ಸ್ಲಾಟ್‌ಗೂ ಇಂಥದ್ದೇ ಸ್ಪೆಲ್ ಅಂತ ತುಂಬಿಡಬೇಕಿತ್ತು. ಎರಡು ಫೈರ್‌ಬಾಲ್ ಬೇಕಿದ್ದರೆ ಎರಡು ಸ್ಲಾಟ್‌ನಲ್ಲಿ ಫೈರ್‌ಬಾಲ್ ಅನ್ನೇ ತುಂಬಬೇಕು, ಬೇಡವಾದರೆ ಅದು ದಂಡ. ಸಾರ್ಸರರ್‌ಗೆ ಗೊತ್ತಿರುವುದು ಕಡಿಮೆ, ಆದರೆ ಗೊತ್ತಿದ್ದದ್ದನ್ನು ಯಾವ ಸ್ಲಾಟ್‌ನಲ್ಲಾದರೂ ಅಲ್ಲೇ ಹಾಕಬಹುದಿತ್ತು. ಆ ಕೊರತೆಗೆ ಈ ಸ್ವಾತಂತ್ರ್ಯ, ಸರಿಹೋಗಿತ್ತು.

2014ರಲ್ಲಿ ಆ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟರು. ಈಗ ವಿಜಾರ್ಡ್ ಸಿದ್ಧ ಮಾಡಿಕೊಂಡ ಒಂಬತ್ತರಲ್ಲಿ ಯಾವುದನ್ನಾದರೂ ಎಷ್ಟು ಸಲವಾದರೂ ಹಾಕುತ್ತಾನೆ. ಸಾರ್ಸರರ್‌ನ ಕೊರತೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಬದಲಾಗಿ, ಮೊದಲು ಫೀಟ್ ಆಗಿ ಎಲ್ಲರಿಗೂ ಸಿಗುತ್ತಿದ್ದ ಮೆಟಾಮ್ಯಾಜಿಕ್ ಅನ್ನು ಕಿತ್ತು ಅವನೊಬ್ಬನಿಗೇ ಕೊಟ್ಟರು. ನನ್ನ ಪ್ರಕಾರ ಆ ಬದಲಿ ಸಾಲಲಿಲ್ಲ: 5 ಪಾಯಿಂಟ್‌ನಲ್ಲಿ ಎರಡು ಕ್ವಿಕನ್ಡ್ ಹಾಕಿದರೆ ಒಂದು ಮಿಗುತ್ತದೆ, ಅಷ್ಟೇ. ಪಾಥ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯಲ್ಲಿ ವಿಜಾರ್ಡ್ ಈಗಲೂ ಸ್ಲಾಟ್‌ಗೊಂದು ಸ್ಪೆಲ್ ತುಂಬಿಡುತ್ತಾನೆ, ಹಾಗಾಗಿ ಅಲ್ಲಿ ಸಾರ್ಸರರ್‌ಗೆ ತನ್ನದೇ ಜಾಗ ಇದೆ.

ಮಂಜಿನಗವಿ:
ಅದನ್ನ ಆಮೇಲೆ ಸರಿಪಡಿಸೋಕೆ ನೋಡಿದಾರೆ. 2020ರ ಹೆಚ್ಚುವರಿ ನಿಯಮ ಪುಸ್ತಕದ ಅಬೆರಂಟ್ ಮೈಂಡ್, ಕ್ಲಾಕ್‌ವರ್ಕ್ ಸೋಲ್ ಅನ್ನೋ ಎರಡು ಬಗೆಯ ಸಾರ್ಸರರ್‌ಗೂ ಹತ್ತು ಸ್ಪೆಲ್ ಹೆಚ್ಚುವರಿ ಸಿಗುತ್ತವೆ, 5ನೇ ಲೆವೆಲ್ ಹೊತ್ತಿಗೆ ಆರು ಬಂದಿರುತ್ತವೆ. ಆರಿದ್ದದ್ದು ಹನ್ನೆರಡು. ನಿಮ್ಮ ಡಿಎಂ ಆ ಪುಸ್ತಕ ಒಪ್ಪಿದರೆ ಸಾರ್ಸರರ್ ಬಗ್ಗೆ ನಾನು ಮೇಲೆ ಹೇಳಿದ್ದರಲ್ಲಿ ಅರ್ಧ ಚಿಂತೆ ಹೋಯ್ತು. 2024ರಲ್ಲಂತೂ ಎಲ್ಲ ಸಾರ್ಸರರ್‌ಗೂ 5ನೇ ಲೆವೆಲ್‌ಗೆ ಒಂಬತ್ತು.

ಗಂಡುಮೆಟ್ಟು:
ಮೆಟಾಮ್ಯಾಜಿಕ್ ಸಾಲಂಗಿಲ್ಲ ಅನ್ನೂದು ಒಪ್ಪಂಗಿಲ್ರಿ. ಫೈಟರ್, ರೋಗ್ ಇಬ್ಬರೂ ಇರೋ ಪಾರ್ಟಿ ಇದು. 3 ಪಾಯಿಂಟ್ ಕೊಟ್ಟು ವೇಗ ಕೊಡೋ ಹೇಸ್ಟ್ ಸ್ಪೆಲ್ ಅನ್ನ ಟ್ವಿನ್ ಮಾಡ್ರಿ (ಇಬ್ಬರ ಮ್ಯಾಲ ಹಾಕ್ರಿ), ಒಂದ ಸ್ಲಾಟ್‌ನ್ಯಾಗ, ಒಂದ ಕಾನ್ಸಂಟ್ರೇಶನ್‌ನ್ಯಾಗ ಇಬ್ಬರಿಗೂ ಎಸಿ +2, ಎರಡು ಪಟ್ಟು ಓಟ, ಸುತ್ತಿಗೊಂದು ಹೆಚ್ಚಿನ ಹೊಡತ. ರೋಗ್ ಅಂತೂ ಹೇಸ್ಟ್‌ನ ಹೊಡತ ತನ್ನ ಸರದಿಗೆ ಹೊಡದು, ತನ್ನ ಆಕ್ಷನ್ ಅನ್ನ ರೆಡಿ ಮಾಡಿಟ್ಟು, ಮುಂದಿನವರ ಸರದಿಗೆ ರಿಯಾಕ್ಷನ್‌ನ್ಯಾಗ ಹೊಡದ್ರ ಒಂದ ಸುತ್ತಿಗೆ ಎರಡು ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚಿನ ಪೆಟ್ಟು). ಇದನ್ನ ವಿಜಾರ್ಡ್ ಇಬ್ಬರಿಗೂ ಮಾಡಿ ತೋರಸಲಿ.

ನಿಯಮಪಾಲಕಿ:
ಸ್ನೀಕ್ ಅಟ್ಯಾಕ್ ಸರದಿಗೊಂದು, ಸುತ್ತಿಗೊಂದಲ್ಲ, ಹಾಗಾಗಿ ಅದು ನಿಯಮಕ್ಕೆ ಸರಿ. ಆದರೆ ಹೇಸ್ಟ್ ಮುಗಿದಾಗ ಆ ವ್ಯಕ್ತಿ ಒಂದು ಸರದಿ ನಡೆಯುವಂತಿಲ್ಲ, ಆಕ್ಷನ್ ತೆಗೆದುಕೊಳ್ಳುವಂತಿಲ್ಲ. ಸಾರ್ಸರರ್‌ನ ಕಾನ್ಸಂಟ್ರೇಶನ್ ಮುರಿದರೆ ಫೈಟರ್, ರೋಗ್ ಇಬ್ಬರೂ ಒಟ್ಟಿಗೇ ಮರಗಟ್ಟಿ ನಿಲ್ಲುತ್ತಾರೆ. ಪಾರ್ಟಿಯ ಅರ್ಧ ಬಲ ಒಂದು ಸುತ್ತು ಇಲ್ಲ. ಟ್ವಿನ್ ಮಾಡಿದ ಮೇಲೆ ಸಾರ್ಸರರ್ ಗೋಡೆಯ ಮರೆಗೆ ಹೋಗಬೇಕು, ಮುಂದಿನ ಸುತ್ತುಗಳಲ್ಲಿ ಶೀಲ್ಡ್‌ಗೆ ಒಂದು ಸ್ಲಾಟ್ ಎತ್ತಿಡಬೇಕು.

ಟ್ವಿನ್‌ಗೆ ಯಾವುದು ನಡೆಯುತ್ತೆ ಅನ್ನುವುದಕ್ಕೂ ಒಂದು ಮಾತು: ಹಾಕುವ ಮಟ್ಟದಲ್ಲಿ ಆ ಸ್ಪೆಲ್ ಒಬ್ಬರಿಗಿಂತ ಹೆಚ್ಚು ಜನರನ್ನು ಗುರಿ ಮಾಡಲು ಸಾಧ್ಯವೇ ಇರಬಾರದು. ಹೋಲ್ಡ್ ಪರ್ಸನ್ 2ನೇ ಮಟ್ಟದ ಸ್ಲಾಟ್‌ನಲ್ಲಿ ನಡೆಯುತ್ತದೆ, 3ನೆಯದರಲ್ಲಿ ಹಾಕಿದರೆ ಇಲ್ಲ. ಮ್ಯಾಜಿಕ್ ಮಿಸೈಲ್, ಸ್ಕಾರ್ಚಿಂಗ್ ರೇ ಯಾವತ್ತೂ ಇಲ್ಲ.

2024ಕ್ಕೆ ಹೋದರೆ ಇದು ತಲೆಕೆಳಗು. ದೊಡ್ಡ ಸ್ಲಾಟ್‌ನಲ್ಲಿ ಹಾಕಿದರೆ ಗುರಿ ಹೆಚ್ಚಾಗುವ ಸ್ಪೆಲ್‌ಗಳಿಗೆ ಮಾತ್ರ ಟ್ವಿನ್ ನಡೆಯುತ್ತದೆ, ಬೆಲೆ 1 ಪಾಯಿಂಟ್. ಹೋಲ್ಡ್ ಪರ್ಸನ್, ಇನ್ವಿಸಿಬಿಲಿಟಿ, ಫ್ಲೈ ಸರಿ. ಹೇಸ್ಟ್ ಹೋಯಿತು.

ಕಡಲತಡಿ:
ಈಗ ಮೂರು ಜನ ಸೇರಿ ಹೇಸ್ಟ್ ಸುತ್ತ ತಿರುಗಲಿಕ್ಕೆ ಹೊರಟ್ರಿ. ಮಾತುಕತೆಯ ದೃಶ್ಯಗಳೂ ಆಟವೇ ಅಲ್ವಾ? ಸಾರ್ಸರರ್, ವಾರ್ಲಾಕ್ ಇಬ್ಬರಿಗೂ ಕರಿಸ್ಮಾ ಮುಖ್ಯ. ಈ ಪಾರ್ಟಿಯಲ್ಲಿ ಮಾತಾಡಲಿಕ್ಕೆ ಯಾರೂ ಇಲ್ಲ. ವಿಜಾರ್ಡ್ ಬಂದ್ರೆ ಇಂಟೆಲಿಜೆನ್ಸ್ 16, ಕರಿಸ್ಮಾ 8, ರಾಜನ ಮುಂದೆ ಯಾರು ನಿಲ್ಲುವುದು?

ಗಂಡುಮೆಟ್ಟು:
ಅದಕ್ಕ ಸಟಲ್ ಸ್ಪೆಲ್. 1 ಪಾಯಿಂಟ್. ದರಬಾರದಾಗ ಬಾಯಿ ತೆಗಿದ, ಕೈ ಆಡಿಸಿದ ಚಾರ್ಮ್ ಪರ್ಸನ್. ಕೌಂಟರ್‌ಸ್ಪೆಲ್ (ಸ್ಪೆಲ್ ತಡಿಯೂ ಸ್ಪೆಲ್) ಹಾಕೂ ಮಂದಿಗೂ ಇದು ಕಾಣಂಗಿಲ್ಲ, ಕಾಣದ್ದಕ್ಕ ಕೌಂಟರ್ ಹಾಕಾಕ ಬರಂಗಿಲ್ಲ.

ನಿಯಮಪಾಲಕಿ:
"ಬಾಯಿ ತೆಗೆಯದೆ, ಕೈ ಆಡಿಸದೆ" ಅಂತಲೇ ನೀವು ಹೇಳಿದ್ದು ಅಂದುಕೊಂಡಿದ್ದೇನೆ. ಚಾರ್ಮ್ ಪರ್ಸನ್‌ಗೆ ಮಾತು ಮತ್ತು ಕೈಸನ್ನೆ ಎರಡೇ ಬೇಕು, ಸಟಲ್ ಎರಡನ್ನೂ ತೆಗೆಯುತ್ತದೆ. ಸಜೆಶನ್‌ಗೆ ವಸ್ತುವೂ ಬೇಕು. 2014ರ ಸಟಲ್ ವಸ್ತುವನ್ನು ತೆಗೆಯುವುದಿಲ್ಲ, ಅದು ಅಥವಾ ಅದರ ಬದಲಿಗೆ ಹಿಡಿಯುವ ಸಾಧನ, ಫೋಕಸ್, ಕೈಯಲ್ಲಿರಲೇಬೇಕು, ನೋಡಿದವರಿಗೆ ಗೊತ್ತಾಗುತ್ತದೆ. ಚಾರ್ಮ್ ಮುಗಿದ ಮೇಲೆ ತನಗೆ ಮಂತ್ರ ಹಾಕಿದ್ದರು ಅಂತ ಆ ವ್ಯಕ್ತಿಗೂ ತಿಳಿಯುತ್ತದೆ. ಒಂದು ಗಂಟೆಯೊಳಗೆ ಊರು ಬಿಡುವ ಯೋಜನೆ ಇರಲಿ.

ತುಂಟದೆವ್ವ:
ವಸ್ತು, ಕೈಸನ್ನೆ ಎಲ್ಲ ಯಾರು ನೋಡ್ತಾರೆ ಗುರು, ನಮ್ ಕಡೆ ಯಾರೂ ಕೇಳಲ್ಲ.

ನಿಯಮಪಾಲಕಿ:
ಕೇಳಬೇಕು, ಯಾಕೆಂದರೆ ಕ್ಲಾಸ್‌ಗಳ ಸಮತೋಲ ಅದರ ಮೇಲೂ ನಿಂತಿದೆ. ನಿಮ್ಮ ಲೈಫ್ ಕ್ಲೆರಿಕ್ ಅನ್ನೇ ತೆಗೆದುಕೊಳ್ಳಿ. ಒಂದು ಕೈಯಲ್ಲಿ ಮೇಸ್, ಇನ್ನೊಂದರಲ್ಲಿ ದೇವರ ಚಿಹ್ನೆ ಬರೆಸಿದ ಗುರಾಣಿ. ಬ್ಲೆಸ್, ಸ್ಪಿರಿಟ್ ಗಾರ್ಡಿಯನ್ಸ್ ಎರಡಕ್ಕೂ ವಸ್ತು ಬೇಕು, ಚಿಹ್ನೆಯೇ ಫೋಕಸ್, ಆ ಕೈಯೇ ಸನ್ನೆಯನ್ನೂ ಮಾಡಬಹುದು. ಕ್ಯೂರ್ ವೂಂಡ್ಸ್‌ಗೆ ವಸ್ತು ಬೇಡ, ಸನ್ನೆ ಬೇಕು. ಆಗ ಖಾಲಿ ಕೈಯೇ ಬೇಕಾಗುತ್ತದೆ! ಸ್ಪಿರಿಚುವಲ್ ವೆಪನ್‌ಗೂ ಹಾಗೇ. ಮೇಸ್ ಅನ್ನು ಸೊಂಟಕ್ಕೆ ಸಿಕ್ಕಿಸಿ ಸ್ಪೆಲ್ ಹಾಕಬಹುದು, ಸರದಿಗೊಂದು ಪುಕ್ಕಟೆ ವಸ್ತು ಮುಟ್ಟುವ ಅವಕಾಶ ಅದಕ್ಕೇ ಇರುವುದು, ಆದರೆ ಮುಂದಿನ ಸರದಿಯವರೆಗೆ ಕೈಯಲ್ಲಿ ಆಯುಧ ಇಲ್ಲ. ಹೀಲಿಂಗ್ ವರ್ಡ್‌ಗೆ ಮಾತೊಂದೇ ಸಾಕು, 60 ಅಡಿ ದೂರದಿಂದ, ಬೋನಸ್ ಆಕ್ಷನ್. ನೆಲಕ್ಕೆ ಬಿದ್ದ ಗೆಳೆಯನನ್ನು ಎಬ್ಬಿಸಲು ಅದೇ ಮೊದಲ ಆಯ್ಕೆ ಆಗುವುದು ಇದರಿಂದ.

ಮಂಜಿನಗವಿ:
ಕ್ಲೆರಿಕ್ ಮಾತು ಬಂತು ಅಂತ ಹೇಳ್ತೀನಿ, ಆ ಪಾರ್ಟಿಯ ಅತಿ ಬಲವಾದ ಸ್ಪೆಲ್‌ಕ್ಯಾಸ್ಟರ್ ಆಗಲೇ ಅಲ್ಲಿ ಕೂತಿದ್ದಾರೆ. 5ನೇ ಲೆವೆಲ್‌ನ ಸ್ಪಿರಿಟ್ ಗಾರ್ಡಿಯನ್ಸ್: ಸುತ್ತ 15 ಅಡಿ, 3ಡಿ8, ಸರಾಸರಿ 13.5, ಸೇವ್ ಗೆದ್ದರೂ ಅರ್ಧ, ಹತ್ತು ನಿಮಿಷ. ನಾಲ್ಕು ಶತ್ರುಗಳ ನಡುವೆ ಮೂರು ಸುತ್ತು ನಿಂತರೆ ಒಂದೇ ಸ್ಲಾಟ್‌ನಲ್ಲಿ ಫೈರ್‌ಬಾಲ್ ಅನ್ನ ಮೀರಿಸುತ್ತೆ. ಒಳಗೆ ಬಂದ ಶತ್ರುವಿನ ಓಟ ಅರ್ಧ, ತಪ್ಪಿಸಿಕೊಳ್ಳೋದೂ ಕಷ್ಟ.

ಹಾಗಾಗಿ ನಾಲ್ಕನೆಯವರು ಇನ್ನೊಂದು ಹೊಡೆತದ ಯಂತ್ರ ಆಗೋದು ಬೇಡ. ಶತ್ರುಗಳನ್ನ ಆ 15 ಅಡಿಯೊಳಗೆ ಹಿಡಿದಿಡುವ ಕೆಲಸ ಖಾಲಿ ಇದೆ. ವೆಬ್ ಹಾಕಿ, ಕ್ಲೆರಿಕ್ ಅದರ ಅಂಚಲ್ಲಿ ನಿಲ್ಲಲಿ. ವೆಬ್ ವಿಜಾರ್ಡ್, ಸಾರ್ಸರರ್ ಇಬ್ಬರಿಗೂ ಇದೆ, ವಾರ್ಲಾಕ್‌ಗೆ ಇಲ್ಲ. ರಿಪೆಲ್ಲಿಂಗ್ ಬ್ಲಾಸ್ಟ್ ಇಲ್ಲಿ ಉಲ್ಟಾ ಕೆಲಸ ಮಾಡೋ ಅಪಾಯವೂ ಇದೆ, ವೃತ್ತದೊಳಗಿದ್ದವರನ್ನ ಹೊರಗೆ ತಳ್ಳಿಬಿಡುತ್ತೆ.

ಕಡಲತಡಿ:
ತಳ್ಳುವುದು ಕಡ್ಡಾಯ ಅಲ್ಲ ಮಾರಾಯ್ರೆ, ಬೇಕಾದ್ರೆ ಮಾತ್ರ. ಎದುರು ಬದಿಯಲ್ಲಿ ನಿಂತು ಹೊಡೆದ್ರೆ ಹೊರಗಿದ್ದವ ಒಳಗೇ ಬೀಳ್ತಾನೆ. 2014ರಲ್ಲಿ ಒಂದು ಸರದಿಯಲ್ಲಿ ಮೊದಲ ಸಲ ಒಳಗೆ ಹೊಕ್ಕಾಗಲೂ ಸೇವ್ ಹಾಕಬೇಕು, ತನ್ನ ಸರದಿ ಅಲ್ಲೇ ಶುರುವಾದಾಗಲೂ ಹಾಕಬೇಕು. ನಮ್ಮ ಸರದಿಯಲ್ಲಿ ಒಂದು, ಅವನ ಸರದಿಯಲ್ಲಿ ಒಂದು, ಒಂದೇ ಸುತ್ತಿನಲ್ಲಿ ಎರಡು ಪೆಟ್ಟು.

ಹಳೇದಾಳ:
@ಕಡಲತಡಿ ಇದು ಒಳ್ಳೆಯ ಜೋಡಿ. ಆದರೂ ಎರಡು ಸ್ಲಾಟ್‌ನ ಪ್ರಶ್ನೆ ಹಾಗೇ ಇದೆ.

ತುಂಟದೆವ್ವ:
ಸ್ಲಾಟ್ ಸಾಲದಿದ್ರೆ ಕಾಫಿಲಾಕ್ ಮಾಡಿ. ವಾರ್ಲಾಕ್ ಪ್ಲಸ್ ಸಾರ್ಸರರ್. ಶಾರ್ಟ್ ರೆಸ್ಟ್ ಮಾಡು, ವಾರ್ಲಾಕ್ ಸ್ಲಾಟ್ ಮುರಿದು ಪಾಯಿಂಟ್ ಮಾಡು, ಪಾಯಿಂಟ್‌ನಿಂದ ಸಾರ್ಸರರ್ ಸ್ಲಾಟ್ ಕಟ್ಟು, ಮತ್ತೆ ಶಾರ್ಟ್ ರೆಸ್ಟ್. ಮಲಗಲೇಬೇಡ.

ಮಂಜಿನಗವಿ:
ಯಾವ ಡಿಎಂ ಒಪ್ತಾರೆ ಹೇಳಿ. ಕಟ್ಟಿದ ಸ್ಲಾಟ್ ಲಾಂಗ್ ರೆಸ್ಟ್ (ರಾತ್ರಿಯ ನಿದ್ದೆ) ಆದಾಗ ಮಾಯ, ಅದಕ್ಕೇ ಮಲಗದೆ ಇರಬೇಕು. 2017ರ ಐಚ್ಛಿಕ ನಿಯಮದಲ್ಲಿ 24 ಗಂಟೆ ಲಾಂಗ್ ರೆಸ್ಟ್ ಇಲ್ಲದಿದ್ದರೆ ಕಾನ್ ಸೇವ್ ಡಿಸಿ 10, ಆಮೇಲೆ ಪ್ರತಿ 24 ಗಂಟೆಗೆ 5 ಏರುತ್ತೆ, ಸೋತರೆ ಒಂದು ಹಂತ ಎಕ್ಸಾಷನ್ (ದಣಿವು). ಅದೂ ಅಲ್ಲದೆ ಎರಡು ಕ್ಲಾಸ್‌ಗೆ ಲೆವೆಲ್ ಹಂಚಿದರೆ ಪಾರ್ಟಿ 5ನೇ ಲೆವೆಲ್‌ಗೆ ಹೋದಾಗ ನಿಮ್ಮ ಹತ್ರ 3ನೇ ಮಟ್ಟದ ಸ್ಪೆಲ್ ಇರೋದೇ ಇಲ್ಲ. 10ಕ್ಕೆ ಮುಗಿಯೋ ಆಟಕ್ಕೆ ಅದು ತುಂಬಾ ದುಬಾರಿ.

ಬೆಳ್ಳಿಗೂಬೆ:
ಡಿಎಂ ಹತ್ತಿರ ಕೇಳಿದೆ. 2014ರ ಮೂಲ ಪುಸ್ತಕ ಮಾತ್ರ, ಬೇರೆ ಪುಸ್ತಕ ಬೇಡ ಅಂದ್ರು. ಎರಡು ಕಾಳಗದ ನಡುವೆ ಒಂದು ಶಾರ್ಟ್ ರೆಸ್ಟ್ ಖಂಡಿತ ಕೊಡ್ತಾರಂತೆ. ನಡುವೆ ಇನ್ನೊಂದು ಪ್ರಶ್ನೆ: ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ಯಾಕೆ ಯಾರೂ ಹೇಳಲಿಲ್ಲ? ವೆಬ್ ಥರದ್ದು ಅವರಿಗೂ ಇದೆಯಲ್ಲ.

ಹಳೇದಾಳ:
ಎಂಟ್ಯಾಂಗಲ್ ಇದೆ, ಫೇರಿ ಫೈರ್ ಇದೆ, ಹೀಟ್ ಮೆಟಲ್ ಇದೆ. ತೊಡಕು ಏನೆಂದರೆ ಡ್ರೂಯಿಡ್‌ನ ಒಳ್ಳೆಯ ಸ್ಪೆಲ್ ಬಹುಪಾಲು ಕಾನ್ಸಂಟ್ರೇಶನ್ ಕೇಳುತ್ತವೆ. ಒಂದು ಸಲಕ್ಕೆ ಒಂದೇ ಹಿಡಿಯಬಹುದು. ಮೊದಲ ಸುತ್ತಿನಲ್ಲಿ ಒಂದು ಹಾಕಿದ ಮೇಲೆ ಉಳಿದ ಸುತ್ತಿಗೆ ಕೆಲಸ ಕಡಿಮೆ.

ಮಂಜಿನಗವಿ:
ಮೂರು ಗಂಟೆಯ ಆನ್‌ಲೈನ್ ಆಟಕ್ಕೆ ಡ್ರೂಯಿಡ್ ಪ್ರಾಣಿಗಳನ್ನ ಕರೆಯೋ 2014ರ ಕಂಜೂರ್ ಆನಿಮಲ್ಸ್ ತರಬೇಡಿ, ದಯವಿಟ್ಟು. ಎಂಟು ತೋಳ. ಪ್ಯಾಕ್ ಟ್ಯಾಕ್ಟಿಕ್ಸ್ ಇರೋದ್ರಿಂದ ಎಲ್ಲಕ್ಕೂ ಎರಡೆರಡು ದಾಳ, ಸುತ್ತಿಗೆ 16 ಡಿ20, ತಾಗಿದ ಪ್ರತಿಯೊಂದಕ್ಕೆ 2ಡಿ4+2, ಆಮೇಲೆ ಶತ್ರು ಬೀಳ್ತಾನಾ ಅಂತ ಸ್ಟ್ರೆಂತ್ ಸೇವ್ ಡಿಸಿ 11. ಉಳಿದ ಮೂವರು ಕಾಯ್ತಾ ಕೂರ್ತಾರೆ. ಎಷ್ಟು ಪ್ರಾಣಿ ಅನ್ನೋದು ಆಟಗಾರರ ಆಯ್ಕೆ, ಯಾವ ಪ್ರಾಣಿ ಅನ್ನೋದು ಡಿಎಂ ಕೈಯಲ್ಲಿದೆ, ಇದೂ ಬಹಳ ಜನಕ್ಕೆ ಗೊತ್ತಿಲ್ಲ. 2024ರಲ್ಲಿ ಇದನ್ನ ಒಂದೇ ಹಿಂಡು ಮಾಡಿ, ಡೆಕ್ಸ್ ಸೇವ್ ಸೋತರೆ 3ಡಿ10 ಅಂತ ಇಳಿಸಿದ್ದು ಮೇಜಿನ ವೇಗಕ್ಕೆ ಒಳ್ಳೇದಾಯ್ತು.

ಬೆಳ್ಳಿಗೂಬೆ:
ಸರಿ. ಒಂದು ಶಾರ್ಟ್ ರೆಸ್ಟ್ ಗ್ಯಾರಂಟಿ, ಹೆಚ್ಚುವರಿ ಪುಸ್ತಕ ಇಲ್ಲ, ರೋಗ್ ಇದ್ದಾರೆ. ವಿಜಾರ್ಡ್ ಕಡೆ ವಾಲ್ತಾ ಇದೀನಿ. ಮೊದಲ ಆರು ಸ್ಪೆಲ್ ಯಾವ್ಯಾವುದು?

ಗಂಡುಮೆಟ್ಟು:
ನನ್ನ ವೋಟು ಈಗಲೂ ಡ್ರಾಕೋನಿಕ್ ಸಾರ್ಸರರ್‌ಗೆ. ಎಸಿ 13 ಪ್ಲಸ್ ಡೆಕ್ಸ್ ಪುಕ್ಕಟೆ, ಲೆವೆಲ್‌ಗೊಂದು ಎಚ್‌ಪಿ (ಜೀವದ ಅಂಕ) ಹೆಚ್ಚಿಗಿ. ಮೊದಲ ಲೆವೆಲ್‌ನ್ಯಾಗ ವಿಜಾರ್ಡ್ ರಕ್ಷಣೆಯ ಸ್ಪೆಲ್ ಮೇಜ್ ಆರ್ಮರ್‌ಗೆ ಎರಡರಾಗ ಒಂದು ಸ್ಲಾಟ್ ಕಳಕೋತಾನ, ಅದನ್ನ ಮರೀಬ್ಯಾಡ್ರಿ.

ಹಳೇದಾಳ:
ಫೈಂಡ್ ಫ್ಯಾಮಿಲಿಯರ್, ಶೀಲ್ಡ್, ಸ್ಲೀಪ್, ಮೇಜ್ ಆರ್ಮರ್, ಡಿಟೆಕ್ಟ್ ಮ್ಯಾಜಿಕ್, ಮ್ಯಾಜಿಕ್ ಮಿಸೈಲ್.

ಫೈಂಡ್ ಫ್ಯಾಮಿಲಿಯರ್, ಡಿಟೆಕ್ಟ್ ಮ್ಯಾಜಿಕ್ ಎರಡೂ ರಿಚುವಲ್. ಪುಸ್ತಕದಲ್ಲಿದ್ದರೆ ಸಾಕು, ವಿಜಾರ್ಡ್ ಅವನ್ನು ಸಿದ್ಧ ಮಾಡಿಕೊಳ್ಳಬೇಕಾಗಿಲ್ಲ, ಸ್ಲಾಟೂ ಬೇಡ, ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೆ. ಇಂಟೆಲಿಜೆನ್ಸ್ 16 ಇದ್ದರೆ ಮೊದಲ ಲೆವೆಲ್‌ಗೆ ಸಿದ್ಧ ಮಾಡಿಕೊಳ್ಳುವುದು ನಾಲ್ಕು, ಉಳಿದ ನಾಲ್ಕೂ ಅದರಲ್ಲಿ ಹಿಡಿಸುತ್ತವೆ.

ಸ್ಲೀಪ್ 5ಡಿ8, ಸರಾಸರಿ 22. ಗಾಬ್ಲಿನ್‌ಗೆ 7 ಎಚ್‌ಪಿ, ಮೂರು ಗಾಬ್ಲಿನ್ ಸೇವ್ ಇಲ್ಲದೆ ಮಲಗುತ್ತವೆ. 4ನೇ ಲೆವೆಲ್ ಹೊತ್ತಿಗೆ ಅದು ಕೆಲಸಕ್ಕೆ ಬಾರದು, ಆಗ ಸಿದ್ಧ ಮಾಡುವುದನ್ನು ಬಿಟ್ಟರಾಯಿತು. ಸಾರ್ಸರರ್ ಆದರೆ ಲೆವೆಲ್ ಏರುವಾಗಿನ ಬದಲಾವಣೆಯನ್ನು ಅದಕ್ಕೇ ಖರ್ಚು ಮಾಡಬೇಕು.

ಫ್ಯಾಮಿಲಿಯರ್ (ಜೊತೆಗಾರ ಪ್ರಾಣಿ) ಆಗಿ ಗೂಬೆ ಆರಿಸಿ. ನಿಮ್ಮ ಹೆಸರಿಗೂ ಒಪ್ಪುತ್ತದೆ.

ನಿಯಮಪಾಲಕಿ:
ಗೂಬೆಗೆ ಫ್ಲೈಬೈ ಇದೆ, ಶತ್ರುವಿನ ಹತ್ತಿರದಿಂದ ಹಾರಿ ಹೋದರೂ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರ ಮೇಲಿನ ಹೊಡೆತ) ಬೀಳುವುದಿಲ್ಲ. ಫ್ಯಾಮಿಲಿಯರ್ ತಾನು ಹೊಡೆಯುವಂತಿಲ್ಲ, ಹೆಲ್ಪ್ ಮಾಡಬಹುದು. ಅದರ ಸರದಿಯಲ್ಲಿ ಹೋಗಿ ಹೆಲ್ಪ್ ಮಾಡಿ ಹಾರಿ ಬಂದರೆ ರೋಗ್‌ನ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ (ಎರಡು ದಾಳದಲ್ಲಿ ದೊಡ್ಡದು), ಜೊತೆಗೆ ಸ್ನೀಕ್ ಅಟ್ಯಾಕ್. ಇನಿಶಿಯೇಟಿವ್‌ನಲ್ಲಿ (ಸರದಿಯ ಕ್ರಮ) ಗೂಬೆಗೆ ಬೇರೆ ದಾಳ ಎಸೆಯಬೇಕು. ಗೂಬೆಗೆ ಇರುವುದು 1 ಎಚ್‌ಪಿ. ಸತ್ತರೆ ಮತ್ತೆ ಕರೆಯಲು 10 ಗೋಲ್ಡ್‌ನ ಇದ್ದಿಲು, ಧೂಪ, ಗಿಡಮೂಲಿಕೆ, ರಿಚುವಲ್ ಆದರೆ ಒಂದು ಗಂಟೆ ಹತ್ತು ನಿಮಿಷ. ಸೇಜ್ ಹಿನ್ನೆಲೆ ತೆಗೆದುಕೊಂಡರೆ ಶುರುವಿಗೆ ಕೈಯಲ್ಲಿ ಸರಿಯಾಗಿ 10 ಗೋಲ್ಡ್ ಇರುತ್ತದೆ.

ಮಂಜಿನಗವಿ:
ಡಿಎಂ ಜೊತೆ ಈಗಲೇ ಮಾತಾಡಿಕೊಳ್ಳಬೇಕಾದದ್ದು: ಪುಸ್ತಕಕ್ಕೆ ಹೊಸ ಸ್ಪೆಲ್ ಹೇಗೆ ಸಿಗುತ್ತೆ ಅಂತ. ಮಟ್ಟಕ್ಕೆ 50 ಗೋಲ್ಡ್, ಎರಡು ಗಂಟೆ. 3ನೇ ಮಟ್ಟದ್ದಕ್ಕೆ 150 ಗೋಲ್ಡ್, ಆರು ಗಂಟೆ. ಇವೊಕೇಶನ್ ಆರಿಸಿದರೆ ಆ ಶಾಲೆಯ ಸ್ಪೆಲ್‌ಗೆ ಎರಡೂ ಅರ್ಧ. ಸ್ಕ್ರೋಲ್‌ನಿಂದ ನಕಲು ಮಾಡುವಾಗ ಆರ್ಕೇನಾ (ಮಂತ್ರವಿದ್ಯೆಯ ಜ್ಞಾನ) ಚೆಕ್, ಡಿಸಿ 10 ಪ್ಲಸ್ ಸ್ಪೆಲ್‌ನ ಮಟ್ಟ, ಗೆದ್ದರೂ ಸೋತರೂ ಸ್ಕ್ರೋಲ್ ನಾಶ. ಬೇರೆ ವಿಜಾರ್ಡ್‌ನ ಪುಸ್ತಕದಿಂದ ಆದರೆ ಚೆಕ್ ಇಲ್ಲ, ಹಾಗಾಗಿ ಸೋತ ಶತ್ರು ವಿಜಾರ್ಡ್‌ನ ಪುಸ್ತಕ ಸುಡಬೇಡಿ ಅಂತ ಫೈಟರ್‌ಗೆ ಮೊದಲೇ ಹೇಳಿಡಿ.

ಬೆಳ್ಳಿಗೂಬೆ:
ನನ್ನ ಪುಸ್ತಕವೇ ಕಳೆದು ಹೋದ್ರೆ?

ನಿಯಮಪಾಲಕಿ:
ಆ ಹೊತ್ತಿಗೆ ಸಿದ್ಧ ಮಾಡಿಕೊಂಡದ್ದು ತಲೆಯಲ್ಲಿ ಉಳಿಯುತ್ತದೆ, ಅದನ್ನು ಹೊಸ ಪುಸ್ತಕಕ್ಕೆ ಬರೆದುಕೊಳ್ಳಬಹುದು. ಮಿಕ್ಕದ್ದು ಹೋಯಿತು. ಅದಕ್ಕೇ ಎರಡನೇ ಪ್ರತಿ ಇಟ್ಟುಕೊಳ್ಳುವುದು: ನಿಮ್ಮದೇ ಪುಸ್ತಕದ ನಕಲಿಗೆ ಮಟ್ಟಕ್ಕೆ 10 ಗೋಲ್ಡ್, ಒಂದು ಗಂಟೆ. 5ನೇ ಲೆವೆಲ್‌ವರೆಗಿನ 14 ಸ್ಪೆಲ್‌ನಲ್ಲಿ ಮೊದಲ ಮಟ್ಟದ್ದು ಎಂಟು, ಎರಡನೆಯದು ನಾಲ್ಕು, ಮೂರನೆಯದು ಎರಡು ಇದ್ದರೆ ಒಟ್ಟು 220 ಗೋಲ್ಡ್, 22 ಗಂಟೆ. ಖಾಲಿ ಪುಸ್ತಕಕ್ಕೆ 50 ಗೋಲ್ಡ್ ಬೇರೆ.

ಗಂಡುಮೆಟ್ಟು:
ಸಾರ್ಸರರ್‌ಗೆ ಪುಸ್ತಕನ ಇಲ್ರಿ.